ಹಾಲಿವುಡ್ ಸ್ಟುಡಿಯೋದ ಹಿಡಿತ ಇರುವುದೆಲ್ಲಿ? ಕ್ಯಾಮೆರಾದ ಹಿಂದೆಯೋ, ಹಂಚಿಕೆಯಲ್ಲೋ?

ಪ್ರಶ್ನೆ: ಹಾಲಿವುಡ್‌ನ ದೊಡ್ಡ ಚಿತ್ರಗಳೆಲ್ಲ ಈಗ ಎರಡನೇ ಭಾಗ, ಮೂರನೇ ಭಾಗ, ಇಲ್ಲವೇ ಹಳೆಯದರ ರೀಮೇಕ್. ಸರಣಿಗಳೋ ಎಂಟು ಸಂಚಿಕೆಗೆ ಮುಗಿದು ಮುಂದಿನ ಸೀಸನ್‌ಗೆ ಎರಡು ವರ್ಷ ಕಾಯಿಸುತ್ತವೆ. ಜನ ಕೇಳಿದ್ದನ್ನು ಸ್ಟುಡಿಯೋಗಳು ಕೊಡುತ್ತಿವೆಯೇ, ಅಥವಾ ಅವು ಕೊಟ್ಟಿದ್ದನ್ನೇ ನಾವು ನೋಡಬೇಕಾಗಿದೆಯೇ? ನಿರ್ದೇಶಕರು, ಬರಹಗಾರರು, ನಟರು ಎಲ್ಲರೂ ಹೊರಗಿನವರೇ ಆಗಿರುವಾಗ ಸ್ಟುಡಿಯೋ ನಿಜಕ್ಕೂ ಮಾಡುವ ಕೆಲಸವೇನು?

ಉತ್ತರ: ನಿಮ್ಮ ಕೊನೆಯ ಪ್ರಶ್ನೆಯಿಂದಲೇ ಶುರು ಮಾಡೋಣ. ನಮ್ಮ ಕಂಠೀರವ ಸ್ಟುಡಿಯೋದಂತೆ ಫ್ಲೋರ್ ಬಾಡಿಗೆಗೆ ಕೊಡುವುದು ಡಿಸ್ನಿ, ಯೂನಿವರ್ಸಲ್, ವಾರ್ನರ್, ಸೋನಿ, ಪ್ಯಾರಾಮೌಂಟ್‌ಗಳ ಮುಖ್ಯ ಕಸುಬಲ್ಲ. ಅವು ಹಣ ಹಾಕುತ್ತವೆ, ಹಂಚಿಕೆ ಮಾಡುತ್ತವೆ, ಹಕ್ಕುಗಳನ್ನು ದಶಕಗಟ್ಟಲೆ ಇಟ್ಟುಕೊಂಡು ದುಡಿಸುತ್ತವೆ. ಹಣ ಹಾಕಲು ಬೇರೆಯವರೂ ಸಿಗುತ್ತಾರೆ. ಚಿತ್ರ ತೆಗೆಯಬಲ್ಲವರಿಗಂತೂ ಬರವೇ ಇಲ್ಲ. ಆದರೆ ಒಂದೇ ವಾರಾಂತ್ಯದಲ್ಲಿ ಉತ್ತರ ಅಮೆರಿಕದ 4,000ಕ್ಕೂ ಹೆಚ್ಚು ಚಿತ್ರಮಂದಿರಗಳಿಗೆ, ಜೊತೆಗೆ ಹತ್ತಾರು ದೇಶಗಳಿಗೆ ಒಂದು ಚಿತ್ರವನ್ನು ಇಳಿಸಿ, ಪಬ್ಲಿಸಿಟಿ ಮಾಡಿ, ಕಲೆಕ್ಷನ್ ವಸೂಲಿ ಮಾಡಿ ತರಬಲ್ಲವರು ಬೆರಳೆಣಿಕೆಯಷ್ಟು. ಹಿಡಿತ ಇರುವುದು ಅಲ್ಲಿ. ನಿಮಗೆ ಬೇಸರ ತರಿಸಿರುವ ಸೀಕ್ವೆಲ್‌ಗಳೂ ಎಂಟು ಸಂಚಿಕೆಯ ಸರಣಿಗಳೂ ಅಲ್ಲಿಂದಲೇ ಹುಟ್ಟುತ್ತವೆ.

ಇದಕ್ಕೆ ಮಾರ್ವೆಲ್ ಒಳ್ಳೆಯ ಸಾಕ್ಷಿ. ಅದು 1996ರಲ್ಲಿ ದಿವಾಳಿ ಅರ್ಜಿ ಹಾಕಿದ ಕಾಮಿಕ್ಸ್ ಕಂಪನಿ. ಅದರ ಅತಿ ಜನಪ್ರಿಯ ಪಾತ್ರಗಳ ಚಿತ್ರಹಕ್ಕು ಆ ದಶಕದಲ್ಲೇ ಕೈಬಿಟ್ಟು ಹೋಗಿತ್ತು: ಎಕ್ಸ್-ಮೆನ್ ಫಾಕ್ಸ್‌ಗೆ, ಸ್ಪೈಡರ್-ಮ್ಯಾನ್ ಸೋನಿಗೆ. ಉಳಿದವುಗಳಲ್ಲಿ ಹತ್ತು ಪಾತ್ರಗಳನ್ನು ಅಡವಿಟ್ಟು 2005ರಲ್ಲಿ ಮೆರಿಲ್ ಲಿಂಚ್ ಮೂಲಕ 52.5 ಕೋಟಿ ಡಾಲರ್ ಸಾಲ ಎತ್ತಿ, ತಾನೇ ಚಿತ್ರ ತೆಗೆಯಲು ಹೊರಟಿತು. 2008ರಲ್ಲಿ ‘ಐರನ್ ಮ್ಯಾನ್’ ಗೆದ್ದಿತು. ಪಾತ್ರ ಮಾರ್ವೆಲ್‌ದು, ಸಾಲದ ಹೊಣೆಯೂ ಅದರದ್ದೇ. ಆದರೂ ಬಿಡುಗಡೆ ಮಾಡಿದ್ದು ಪ್ಯಾರಾಮೌಂಟ್, ಏಕೆಂದರೆ ಮಾರ್ವೆಲ್‌ಗೆ ತನ್ನದೇ ಹಂಚಿಕೆ ಜಾಲ ಇರಲಿಲ್ಲ. 2009ರಲ್ಲಿ ಡಿಸ್ನಿ ಸುಮಾರು 400 ಕೋಟಿ ಡಾಲರ್‌ಗೆ ಮಾರ್ವೆಲ್ಲನ್ನೇ ಕೊಳ್ಳುವುದಾಗಿ ಪ್ರಕಟಿಸಿತು. ಆಮೇಲೂ ಮುಂದೆ ಬರಲಿದ್ದ ಎರಡು ಚಿತ್ರಗಳ ಹಂಚಿಕೆ ಹಕ್ಕನ್ನು ಬಿಡಿಸಿಕೊಳ್ಳಲು ಪ್ಯಾರಾಮೌಂಟ್‌ಗೆ ಕನಿಷ್ಠ 11.5 ಕೋಟಿ ಡಾಲರ್ ಖಾತರಿ ಕೊಡಬೇಕಾಯಿತು. ಆ ಚಿತ್ರಗಳಿನ್ನೂ ಬಿಡುಗಡೆಯ ಹತ್ತಿರವೂ ಬಂದಿರಲಿಲ್ಲ. ಅಷ್ಟು ಹಣ ಸಂದದ್ದು ಒಂದು ಒಪ್ಪಂದದ ಕಾಗದಕ್ಕೆ.

ಈ ಹಿಡಿತ ಹೊಸದೇನಲ್ಲ. 1930–40ರ ದಶಕಗಳಲ್ಲಿ ಎಂಜಿಎಂ, ಪ್ಯಾರಾಮೌಂಟ್, ವಾರ್ನರ್, ಫಾಕ್ಸ್, ಆರ್‌ಕೆಒ ಎಂಬ ಐದು ಕಂಪನಿಗಳು ಚಿತ್ರವನ್ನೂ ತೆಗೆಯುತ್ತಿದ್ದವು, ಚಿತ್ರಮಂದಿರಗಳನ್ನೂ ನಡೆಸುತ್ತಿದ್ದವು. ದೇಶದ ಒಟ್ಟು ಚಿತ್ರಮಂದಿರಗಳಲ್ಲಿ ಅವುಗಳ ಪಾಲು ಬರೀ ಶೇ 17ರಷ್ಟು. ಆದರೆ ಒಂದು ಲಕ್ಷಕ್ಕಿಂತ ಹೆಚ್ಚು ಜನರಿದ್ದ 92 ಊರುಗಳಲ್ಲಿ, ಹೊಸ ಚಿತ್ರ ಮೊದಲು ಬೀಳುವ ಥಿಯೇಟರ್‌ಗಳ ಪೈಕಿ ಕನಿಷ್ಠ ಶೇ 70ರಲ್ಲಿ ಈ ಐವರಲ್ಲಿ ಒಬ್ಬರದಾದರೂ ಪಾಲಿತ್ತು. ಗಾಂಧಿನಗರದ ಬಲ್ಲವರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ: ಕೆ.ಜಿ. ರಸ್ತೆಯ ಮುಖ್ಯ ಚಿತ್ರಮಂದಿರ ಕೈಯಲ್ಲಿದ್ದರೆ ತಾಲ್ಲೂಕು ಕೇಂದ್ರಗಳ ಟೆಂಟ್‌ಗಳನ್ನು ಕೊಳ್ಳುವ ಅಗತ್ಯವಿಲ್ಲ. ಸ್ವತಂತ್ರ ಮಾಲೀಕರಿಗೆ ಅವರು ಚಿತ್ರಗಳನ್ನು ಗಂಟು ಕಟ್ಟಿ ಕೊಡುತ್ತಿದ್ದರು. ತಾರೆಯರ ಒಂದು ಚಿತ್ರ ಬೇಕೆಂದರೆ ಜೊತೆಗೆ ಯಾರೂ ಕೇಳದ ಹತ್ತಾರು ಚಿತ್ರಗಳನ್ನು ತೆಗೆದುಕೊಳ್ಳಬೇಕು, ಅದೂ ಎಷ್ಟೋ ಸಲ ನೋಡದೆಯೇ. ಹೀಗೆ ಮಾರಾಟ ಮೊದಲೇ ಖಾತರಿಯಾಗಿದ್ದರಿಂದಲೇ ವಾರಕ್ಕೊಂದರಂತೆ ಚಿತ್ರ ತಯಾರಿಸುವ ಕಾರ್ಖಾನೆ ನಡೆಯಿತು. ನಟರನ್ನು ಏಳು ವರ್ಷದ ಒಪ್ಪಂದದಲ್ಲಿ ಸಂಬಳಕ್ಕಿಟ್ಟುಕೊಳ್ಳುವುದೂ ಸಾಧ್ಯವಾಯಿತು. ಪಾತ್ರ ಒಪ್ಪದ ನಟರನ್ನು ಅಮಾನತಿನಲ್ಲಿಟ್ಟು, ಆ ದಿನಗಳನ್ನೂ ಒಪ್ಪಂದದ ಬಾಲಕ್ಕೆ ಸೇರಿಸುವ ಪದ್ಧತಿಯಿತ್ತು. ಒಲಿವಿಯಾ ಡಿ ಹ್ಯಾವಿಲಂಡ್ ಎಂಬ ನಟಿ ವಾರ್ನರ್ ವಿರುದ್ಧ ನ್ಯಾಯಾಲಯಕ್ಕೆ ಹೋಗಿ 1944ರಲ್ಲಿ ಅದನ್ನು ಮುರಿದರು: ಏಳು ವರ್ಷ ಎಂದರೆ ಕ್ಯಾಲೆಂಡರಿನ ಏಳು ವರ್ಷ, ಅದರಾಚೆ ಇಲ್ಲ.

1948ರ ಮೇ ತಿಂಗಳಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಗಂಟು ಮಾರಾಟವನ್ನು ಅಕ್ರಮವೆಂದಿತು. ಮುಂದಿನ ವರ್ಷಗಳಲ್ಲಿ ಸ್ಟುಡಿಯೋಗಳು ಚಿತ್ರಮಂದಿರಗಳನ್ನು ಬೇರ್ಪಡಿಸಬೇಕಾಯಿತು. ಅದೇ ಹೊತ್ತಿಗೆ ಟಿ.ವಿ. ಮನೆ ಹೊಕ್ಕಿತು. ಸಂಬಳದ ನಟರು, ಸಂಬಳದ ಬರಹಗಾರರು ಎಂಬ ವ್ಯವಸ್ಥೆ ಕರಗಿತು. ಹಂಚಿಕೆ ಮಾತ್ರ ಸ್ಟುಡಿಯೋಗಳ ಕೈಯಲ್ಲೇ ಉಳಿಯಿತು. ಅಷ್ಟು ಉಳಿದದ್ದೇ ಸಾಕಾಯಿತು. 1948ರ ಆ ಕಟ್ಟಳೆಗಳನ್ನು 2020ರ ಆಗಸ್ಟ್‌ನಲ್ಲಿ ಕೋರ್ಟ್ ತೆಗೆದುಹಾಕಿತು. ಗಂಟು ಮಾರಾಟದ ನಿಷೇಧಕ್ಕೆ ಮಾತ್ರ ಇನ್ನೆರಡು ವರ್ಷ ಆಯುಷ್ಯ ಕೊಟ್ಟಿತ್ತು, ಅದೂ ಮುಗಿದಿದೆ.

ಇಂದಿನ ಪದ್ಧತಿ ಗಟ್ಟಿಯಾದದ್ದು 1975ರ ಜೂನ್ 20ರಂದು. ಅಲ್ಲಿಯವರೆಗೆ ಒಳ್ಳೆಯ ಚಿತ್ರವೆಂದರೆ ಮೊದಲು ಕೆಲವೇ ದೊಡ್ಡ ಊರುಗಳಲ್ಲಿ ಬಿಟ್ಟು, ಹೆಸರು ಬಂದಂತೆ ಉಳಿದ ಕಡೆಗೆ ಕಳಿಸುವುದು ವಾಡಿಕೆ. ಒಮ್ಮೆಗೇ ಎಲ್ಲ ಕಡೆ ಬಿಡುವುದು, ಬಾಯಿಮಾತು ಹರಡುವ ಮೊದಲೇ ದುಡ್ಡು ಬಾಚಿಕೊಳ್ಳಬೇಕಾದ ಕಳಪೆ ಚಿತ್ರಗಳ ಉಪಾಯವಾಗಿತ್ತು. ಯೂನಿವರ್ಸಲ್ ‘ಜಾಸ್’ ಚಿತ್ರವನ್ನು ಅಮೆರಿಕದ 409 ಥಿಯೇಟರ್‌ಗಳಲ್ಲಿ ಒಂದೇ ದಿನ ಬಿಟ್ಟಿತು. ಅದಕ್ಕೂ ಮುನ್ನ ರಾತ್ರಿಯ ಮುಖ್ಯ ಹೊತ್ತಿನಲ್ಲಿ ಮೂವತ್ತು ಸೆಕೆಂಡಿನ ಟಿ.ವಿ. ಜಾಹೀರಾತುಗಳಿಗೆ ಸುಮಾರು 7 ಲಕ್ಷ ಡಾಲರ್ ಸುರಿದಿತ್ತು. ಇಲ್ಲಿ ಗಮನಿಸಬೇಕಾದದ್ದು ಜಾಹೀರಾತಿನ ಗಣಿತ. ರಾಷ್ಟ್ರೀಯ ಟಿ.ವಿ.ಯ ಜಾಹೀರಾತಿಗೆ ಚಿತ್ರ 10 ಊರಲ್ಲಿದ್ದರೂ 400 ಊರಲ್ಲಿದ್ದರೂ ಖರ್ಚು ಒಂದೇ. ಹಾಗಾಗಿ ಟಿ.ವಿ.ಯಲ್ಲಿ ಸಾರಬೇಕೆಂದರೆ ಎಲ್ಲ ಕಡೆ ಒಟ್ಟಿಗೆ ಬಿಡಲೇಬೇಕು. ಒಟ್ಟಿಗೆ ಬಿಟ್ಟರೆ ಮೊದಲ ಮೂರು ದಿನದಲ್ಲೇ ಜನ ಬರಬೇಕು. ಚಿತ್ರ ಹೇಗಿದೆಯೆಂದು ಯಾರಿಗೂ ಗೊತ್ತಿಲ್ಲದ ಆ ಮೂರು ದಿನ ಜನರನ್ನು ಎಳೆಯುವುದು ಯಾವುದು? ಮೊದಲೇ ಪರಿಚಯವಿರುವ ಹೆಸರು. ಸೀಕ್ವೆಲ್ ಹುಟ್ಟುವುದು ಬರಹಗಾರರ ಸೋಮಾರಿತನದಿಂದಲ್ಲ, ಶುಕ್ರವಾರದ ಈ ಒತ್ತಡದಿಂದ.

ಈಗ ಲೆಕ್ಕ ನೋಡೋಣ. ಅಂಕಿಗಳು ತಿಳಿಯಲೆಂದು ಇಟ್ಟುಕೊಂಡವು, ಯಾವ ಒಂದು ಚಿತ್ರದ್ದೂ ಅಲ್ಲ. ತಯಾರಿಕೆಗೆ 15 ಕೋಟಿ ಡಾಲರ್, ಜಗತ್ತಿನಾದ್ಯಂತ ಪಬ್ಲಿಸಿಟಿ ಮತ್ತು ಬಿಡುಗಡೆಗೆ 10 ಕೋಟಿ. ಒಟ್ಟು 25 ಕೋಟಿ. ಪಬ್ಲಿಸಿಟಿ ಅಂಕಿ ಉತ್ಪ್ರೇಕ್ಷೆಯಲ್ಲ. ಸ್ಟುಡಿಯೋಗಳ ಸಂಘವೇ 2007ಕ್ಕೆ ಕೊಟ್ಟ ಸರಾಸರಿಯಂತೆ ತಯಾರಿಕೆಗೆ ಸುಮಾರು 7 ಕೋಟಿ ಡಾಲರ್, ಪಬ್ಲಿಸಿಟಿಗೆ ಅದರ ಅರ್ಧ. ಆಮೇಲೆ ಅದು ಈ ಅಂಕಿ ಕೊಡುವುದನ್ನೇ ನಿಲ್ಲಿಸಿತು. ಚಿತ್ರದ ಜಾಗತಿಕ ಗ್ರಾಸ್, ಅಂದರೆ ಒಟ್ಟು ಟಿಕೆಟ್ ಹಣ, 40 ಕೋಟಿ ಡಾಲರ್ ಎಂದು ಪತ್ರಿಕೆಯಲ್ಲಿ ಬಂತೆನ್ನಿ. ಅಮೆರಿಕ, ಕೆನಡಾದಲ್ಲಿ 16 ಕೋಟಿ: ಅರ್ಧ ಥಿಯೇಟರ್‌ಗೆ, ಸ್ಟುಡಿಯೋಗೆ ಬಂದ ಶೇರ್ 8 ಕೋಟಿ. ಚೀನಾ ಬಿಟ್ಟು ಉಳಿದ ದೇಶಗಳಲ್ಲಿ 18 ಕೋಟಿ: ಶೇ 40ರಂತೆ ಹಿಡಿದರೆ 7.2 ಕೋಟಿ. ಚೀನಾದಲ್ಲಿ 6 ಕೋಟಿ: ಅಲ್ಲಿನ ನಿಯಮದಂತೆ ಶೇ 25, ಅಂದರೆ 1.5 ಕೋಟಿ. ಒಟ್ಟು ಶೇರ್ 16.7 ಕೋಟಿ. ಹಾಕಿದ್ದು 25. ‘ಸೂಪರ್ ಹಿಟ್’ ಎಂದು ಸುದ್ದಿಯಾದ ಚಿತ್ರ ಥಿಯೇಟರ್ ಬಿಡುವಾಗ 8.3 ಕೋಟಿ ಹಿಂದಿದೆ. ಉಳಿದದ್ದು ಬಾಡಿಗೆ ವೀಕ್ಷಣೆ, ಸ್ಟ್ರೀಮಿಂಗ್, ಟಿ.ವಿ., ವಿಮಾನದ ಪರದೆ, ಆಟಿಕೆಗಳಿಂದ ಬರಬೇಕು. ತಯಾರಿಕೆ ವೆಚ್ಚದ ಎರಡೂವರೆ ಪಟ್ಟು ಗ್ರಾಸ್ ಬಂದರೆ ಗೆದ್ದಂತೆ ಎಂಬ ಮಾತು ಇಂಥ ಲೆಕ್ಕದಿಂದ ಬಂದದ್ದು. ಅದು ಅಂದಾಜು ಅಷ್ಟೇ. ಯಾವ ದೇಶದಿಂದ ಎಷ್ಟು ಬಂತೆಂಬುದರ ಮೇಲೆ ಏರುಪೇರಾಗುತ್ತದೆ. ಇದೇ 40 ಕೋಟಿಯಲ್ಲಿ ಅಮೆರಿಕದ ಪಾಲು 24 ಆಗಿ, ಚೀನಾದ್ದು 2ಕ್ಕೆ ಇಳಿದಿದ್ದರೆ ಶೇರ್ 18.1 ಕೋಟಿ ಆಗುತ್ತಿತ್ತು.

ಇದರೊಳಗೆ ಇನ್ನೊಂದು ಮರಿ ಲೆಕ್ಕವಿದೆ. ಸ್ಟುಡಿಯೋ ತನ್ನದೇ ಹಂಚಿಕೆ ವಿಭಾಗಕ್ಕೆ ಬಂದ ಶೇರಿನಿಂದ ಮೊದಲು ಶೇ 30ರ ಸುಮಾರಿಗೆ ಹಂಚಿಕೆ ಶುಲ್ಕ ಕಳೆಯುತ್ತದೆ. ಆಮೇಲೆ ಪಬ್ಲಿಸಿಟಿ, ಆಮೇಲೆ ಬಡ್ಡಿ, ಕಚೇರಿ ವೆಚ್ಚದ ಹೆಸರಿನಲ್ಲಿ ಬಜೆಟ್‌ನ ಒಂದು ಪಾಲು, ಕೊನೆಗೆ ತಯಾರಿಕೆ ವೆಚ್ಚ. ‘ನಿವ್ವಳ ಲಾಭದಲ್ಲಿ ಪಾಲು’ ಎಂದು ಒಪ್ಪಂದ ಮಾಡಿಕೊಂಡ ಬರಹಗಾರರಿಗೆ ಏನೂ ತಲುಪದಿರುವುದು ಹೀಗೆ. ಹಾಸ್ಯ ಅಂಕಣಕಾರ ಆರ್ಟ್ ಬಕ್‌ವಾಲ್ಡ್ ತಮ್ಮ ಕಥೆಯ ಎಳೆ ಬಳಸಿಕೊಂಡ ಚಿತ್ರದ ಬಗ್ಗೆ ಪ್ಯಾರಾಮೌಂಟ್ ವಿರುದ್ಧ ದಾವೆ ಹೂಡಿದಾಗ, ಜಗತ್ತಿನಾದ್ಯಂತ 28 ಕೋಟಿ ಡಾಲರ್ ಮೀರಿ ಗಳಿಸಿದ್ದ ಆ ಚಿತ್ರಕ್ಕೆ ನಿವ್ವಳ ಲಾಭವೇ ಇಲ್ಲವೆಂದು ಸ್ಟುಡಿಯೋ ವಾದಿಸಿತು. 1990ರಲ್ಲಿ ನ್ಯಾಯಾಲಯ ಆ ಲೆಕ್ಕಸೂತ್ರದ ಹಲವು ಭಾಗಗಳನ್ನು ಅನ್ಯಾಯವೆಂದಿತು. 1992ರಲ್ಲಿ ಬಕ್‌ವಾಲ್ಡ್‌ಗೆ ಒಂದೂವರೆ ಲಕ್ಷ ಡಾಲರ್ ಸಿಕ್ಕಿತು. ಹಾಗಾಗಿ ಅನುಭವಿಗಳು ನಿವ್ವಳ ಕೇಳುವುದಿಲ್ಲ. ಮಾರುಕಟ್ಟೆಯ ಬಲವಿದ್ದವರು ಗ್ರಾಸ್‌ನಲ್ಲಿ ಪಾಲು ಕೇಳುತ್ತಾರೆ, ಇಲ್ಲದವರು ಮುಂಗಡವನ್ನೇ ಹೆಚ್ಚಿಸಿಕೊಳ್ಳುತ್ತಾರೆ.

ಹಂಚಿಕೆದಾರನ ಕೈ ಎಷ್ಟು ಬಿಗಿಯಾಗಬಹುದು? 2017ರಲ್ಲಿ ‘ಸ್ಟಾರ್ ವಾರ್ಸ್’ ಸರಣಿಯ ಹೊಸ ಚಿತ್ರಕ್ಕೆ ಡಿಸ್ನಿ ಅಮೆರಿಕದ ಚಿತ್ರಮಂದಿರಗಳ ಮುಂದೆ ಇಟ್ಟ ಷರತ್ತುಗಳು ಪತ್ರಿಕೆಗಳಲ್ಲಿ ವರದಿಯಾದವು: ಟಿಕೆಟ್ ಹಣದ ಶೇ 65 ತನಗೆ, ದೊಡ್ಡ ಸಭಾಂಗಣದಲ್ಲಿ ನಾಲ್ಕು ವಾರ ಕಡ್ಡಾಯ ಪ್ರದರ್ಶನ, ತಪ್ಪಿದರೆ ಇನ್ನೂ ಶೇ 5 ದಂಡ. ಹಲವು ಪರದೆಯ ಮಲ್ಟಿಪ್ಲೆಕ್ಸ್ ಇದನ್ನು ನಿಭಾಯಿಸುತ್ತದೆ. ಸಣ್ಣ ಊರಿನ ಒಂಟಿ ಪರದೆಯವರು ಪೂರ್ತಿ ಒಂದು ತಿಂಗಳು ಬೇರೆ ಚಿತ್ರ ಹಾಕುವಂತಿಲ್ಲ. ಊರಿನ ಜನರೆಲ್ಲ ಎರಡನೇ ವಾರಕ್ಕೇ ನೋಡಿ ಮುಗಿಸಿದರೂ ಅಷ್ಟೇ. ಆ ತಿಂಗಳಲ್ಲಿ ಬಿಡುಗಡೆಯಾದ ಸಣ್ಣ ಚಿತ್ರ ‘ಜನ ನೋಡಲಿಲ್ಲ’ ಎಂದು ದಾಖಲಾಗುತ್ತದೆ. ಅದಕ್ಕೆ ಪರದೆಯೇ ಸಿಕ್ಕಿರಲಿಲ್ಲವೆಂಬುದು ದಾಖಲಾಗುವುದಿಲ್ಲ. ನಿಮ್ಮ ಮೊದಲ ಪ್ರಶ್ನೆಗೆ ಅರ್ಧ ಉತ್ತರ ಇಲ್ಲಿದೆ.

ಹಕ್ಕುಗಳ ಗಡುವೂ ಚಿತ್ರಗಳನ್ನು ಹುಟ್ಟಿಸುತ್ತದೆ. ಮಾರ್ವೆಲ್ ಜೊತೆಗಿನ ಒಪ್ಪಂದದಂತೆ ನಿಗದಿತ ಕಾಲದೊಳಗೆ ಮುಂದಿನ ಸ್ಪೈಡರ್-ಮ್ಯಾನ್ ಚಿತ್ರ ಶುರುವಾಗದಿದ್ದರೆ ಸೋನಿ ಆ ಪಾತ್ರವನ್ನು ಕಳೆದುಕೊಳ್ಳಬೇಕಾಗುತ್ತದೆ. ಹಳೆಯ ತಂಡ ಚದುರಿದರೂ ಹೊಸ ನಟನನ್ನು ಹಾಕಿ ಕಥೆಯನ್ನು ಮೊದಲಿಂದ ಹೇಳುವುದರ ಹಿಂದೆ ಇಂಥ ಕಾನೂನಿನ ಗಡಿಯಾರವೂ ಇರುತ್ತದೆ. 2019ರಲ್ಲಿ ನೂರು ಕೋಟಿ ಡಾಲರ್ ದಾಟಿದ ಡಿಸ್ನಿ ಚಿತ್ರಗಳು ಏಳು. ಏಳೂ ಸೀಕ್ವೆಲ್, ರೀಮೇಕ್ ಅಥವಾ ಮೊದಲೇ ಇದ್ದ ಮಾಲಿಕೆಯ ತುಣುಕು. ಅದೇ ವರ್ಷ ಡಿಸ್ನಿ 7,130 ಕೋಟಿ ಡಾಲರ್ ಕೊಟ್ಟು ಫಾಕ್ಸ್‌ನ ಬಹುಪಾಲನ್ನು ಕೊಂಡಿತು, ಆರು ದೊಡ್ಡ ಸ್ಟುಡಿಯೋಗಳು ಐದಾದವು. ಒಂದು ಸ್ಕ್ರಿಪ್ಟ್ ತಿರಸ್ಕೃತವಾದರೆ ತಟ್ಟಬಹುದಾದ ಬಾಗಿಲುಗಳಲ್ಲಿ ಒಂದು ಕಡಿಮೆಯಾಯಿತು ಎಂಬುದೇ ಬರಹಗಾರರ ಮಟ್ಟಿಗೆ ಅದರ ಅರ್ಥ.

ಕಥೆಯ ಒಳಗೆ ಸ್ಟುಡಿಯೋ ಕೈ ಹಾಕುವ ಹಂತಗಳನ್ನು ಬೇಗ ನೋಡಿ ಮುಂದೆ ಹೋಗೋಣ. ಕಾದಂಬರಿಯನ್ನೋ ಸ್ಕ್ರಿಪ್ಟನ್ನೋ ನೇರವಾಗಿ ಕೊಳ್ಳುವುದು ಅಪರೂಪ. ಸಾಮಾನ್ಯವಾಗಿ ಒಟ್ಟು ಬೆಲೆಯ ಹತ್ತನೇ ಒಂದು ಭಾಗ ಕೊಟ್ಟು ಹನ್ನೆರಡರಿಂದ ಹದಿನೆಂಟು ತಿಂಗಳು ಕಾಯ್ದಿರಿಸುತ್ತಾರೆ. ಹೀಗೆ ಕಾಯ್ದಿರಿಸಿದ್ದರಲ್ಲಿ ಹೆಚ್ಚಿನವು ಚಿತ್ರವಾಗುವುದೇ ಇಲ್ಲ. ಹಸಿರು ನಿಶಾನೆ ಕೊಡುವ ಸಭೆಯಲ್ಲಿ ಕಥಾ ವಿಭಾಗದವರಷ್ಟೇ ಅಲ್ಲ, ಮಾರ್ಕೆಟಿಂಗ್, ಹೊರದೇಶ ಹಂಚಿಕೆ, ಹಣಕಾಸಿನವರೂ ಕೂರುತ್ತಾರೆ. ಪ್ರೇಕ್ಷಕರನ್ನು ಅಲ್ಲಿ ನಾಲ್ಕು ಮನೆ ಮಾಡಿ ನೋಡುವುದು ಹಳೆಯ ರೂಢಿ: 25ರ ಒಳಗಿನ ಗಂಡಸರು, ಹೆಂಗಸರು, 25 ದಾಟಿದ ಗಂಡಸರು, ಹೆಂಗಸರು. ನಾಲ್ಕು ಮನೆಯೂ ತುಂಬುವ ಚಿತ್ರಕ್ಕೆ ದೊಡ್ಡ ಬಜೆಟ್. ದೊಡ್ಡ ಬಜೆಟ್ ಅಂದಮೇಲೆ ಹದಿಹರೆಯದವರು ಹೊರಗುಳಿಯುವಂತಿಲ್ಲ. ಹಾಗಾಗಿ ಪಿಜಿ-13 ಪ್ರಮಾಣಪತ್ರ (ಎಲ್ಲರೂ ನೋಡಬಹುದು, 13ರ ಒಳಗಿನವರ ಪೋಷಕರಿಗೆ ಎಚ್ಚರಿಕೆ ಎಂಬ ವರ್ಗ) ಬೇಕೇ ಬೇಕು. 1984ರಲ್ಲಿ ಬಂದ ಈ ವರ್ಗದಲ್ಲಿ ಅತ್ಯಂತ ಒರಟಾದ ಆ ಇಂಗ್ಲಿಷ್ ಬೈಗುಳ ಸಾಮಾನ್ಯವಾಗಿ ಒಂದೇ ಸಲ ಬರಬಹುದು. ಊರಿಗೆ ಊರೇ ನೆಲಸಮವಾದರೂ ರಕ್ತ ಕಾಣದಿರುವುದಕ್ಕೆ ಈ ಪ್ರಮಾಣಪತ್ರದ ಆಸೆಯೇ ಕಾರಣ.

ಚಿತ್ರ ಮುಗಿಯುವ ಮುನ್ನ ಮುನ್ನೂರು–ನಾನೂರು ಜನರನ್ನು ಕರೆದು ತೋರಿಸಿ ಕಾಗದದಲ್ಲಿ ಅಭಿಪ್ರಾಯ ಬರೆಸಿಕೊಳ್ಳುತ್ತಾರೆ. ನೋಡುವುದು ಮುಖ್ಯವಾಗಿ ಎರಡು ಅಂಕಿ: ‘ಅತ್ಯುತ್ತಮ’, ‘ತುಂಬಾ ಚೆನ್ನಾಗಿದೆ’ ಎಂದವರ ಒಟ್ಟು ಪ್ರಮಾಣ, ಮತ್ತು ‘ಖಂಡಿತ ಬೇರೆಯವರಿಗೆ ಹೇಳುತ್ತೇನೆ’ ಎಂದವರ ಪ್ರಮಾಣ. ಮೊದಲನೆಯದು ಸುಮಾರು ಶೇ 55, ಎರಡನೆಯದು ಸುಮಾರು ಶೇ 45 ಸರಾಸರಿ ಎಂದು ಲೆಕ್ಕ. ಕೆಳಗೆ ಬಿದ್ದರೆ ಮರುಚಿತ್ರೀಕರಣ. 1987ರ ‘ಫೇಟಲ್ ಅಟ್ರಾಕ್ಷನ್’ ಚಿತ್ರದ ಕೊನೆ ಹೀಗೆಯೇ ಬದಲಾಯಿತು: ಮೊದಲು ನಾಯಕನ ಬೆನ್ನುಬಿದ್ದ ಹೆಂಗಸು ಆತ್ಮಹತ್ಯೆ ಮಾಡಿಕೊಳ್ಳುವ ಕೊನೆಯಿತ್ತು, ಜನರಿಗೆ ಅವಳಿಗೆ ಶಿಕ್ಷೆಯಾಗಬೇಕಿತ್ತು. ಈ ಪರೀಕ್ಷೆಯ ದೌರ್ಬಲ್ಯವೆಂದರೆ ವಿಚಿತ್ರವಾದದ್ದು, ನಿಧಾನವಾಗಿ ರುಚಿಸುವಂಥದ್ದು ಆ ಒಂದು ರಾತ್ರಿಯ ಕಾಗದದಲ್ಲಿ ಕಡಿಮೆ ಅಂಕ ಪಡೆಯುತ್ತದೆ. ಹಾಸ್ಯದಲ್ಲಿ ನಗು ಎಲ್ಲಿ ಸತ್ತಿತೆಂದು ತಿಳಿಯಲು ಇದು ಒಳ್ಳೆಯ ಸಾಧನ. ಗಂಭೀರ ಚಿತ್ರದ ಕೊನೆ ಸರಿಯೇ ಎಂದು ತಿಳಿಯಲು ಅಷ್ಟೇನೂ ಅಲ್ಲ.

ಹೊರದೇಶದ ಮಾರುಕಟ್ಟೆಯೂ ಕಥೆಯನ್ನು ತಿದ್ದುತ್ತದೆ. ಎಂಜಿಎಂ ತನ್ನ ‘ರೆಡ್ ಡಾನ್’ ಮರುನಿರ್ಮಾಣದಲ್ಲಿ ಅಮೆರಿಕದ ಮೇಲೆ ದಾಳಿ ಮಾಡುವ ಚೀನೀ ಸೈನಿಕರನ್ನು, ಚಿತ್ರೀಕರಣವೆಲ್ಲ ಮುಗಿದ ಮೇಲೆ, ಕಂಪ್ಯೂಟರಿನಲ್ಲಿ ಬಾವುಟ, ಲಾಂಛನ ಬದಲಿಸಿ ಉತ್ತರ ಕೊರಿಯಾದವರನ್ನಾಗಿ ಮಾಡಿತು. ಚಿತ್ರ 2012ರಲ್ಲಿ ತೆರೆಕಂಡಿತು. ಟಿಕೆಟ್ ಹಣದಲ್ಲಿ ಪಾಲು ಸಿಗುವಂತೆ ವರ್ಷಕ್ಕೆ 34 ವಿದೇಶಿ ಚಿತ್ರಗಳಿಗೆ ಚೀನಾ ಬಾಗಿಲು ತೆರೆದದ್ದೂ ಅದೇ ವರ್ಷ.

ಬಿಡುಗಡೆಯ ತಾರೀಖನ್ನು ಎರಡು–ಮೂರು ವರ್ಷ ಮೊದಲೇ, ಕೆಲವೊಮ್ಮೆ ಸ್ಕ್ರಿಪ್ಟ್ ಮುಗಿಯುವುದಕ್ಕೂ ಮುಂಚೆ ಹಿಡಿದಿಡುವುದು ಈ ಪದ್ಧತಿಯ ಇನ್ನೊಂದು ಫಲ. ಆಟಿಕೆ ಕಂಪನಿ, ತಿಂಡಿ ಕಂಪನಿ, ಐಮ್ಯಾಕ್ಸ್ ಪರದೆಗಳೆಲ್ಲ ಆ ತಾರೀಖಿಗೆ ಕಟ್ಟಿಬೀಳುತ್ತವೆ. ತಾರೀಖು ಕದಲುವುದಿಲ್ಲ, ಕಥೆ ಕದಲುತ್ತಲೇ ಇರುತ್ತದೆ. ಆ ಎಳೆತದ ಭಾರ ಬೀಳುವುದು ವಿಎಫ್ಎಕ್ಸ್, ಅಂದರೆ ಕಂಪ್ಯೂಟರಿನಲ್ಲಿ ದೃಶ್ಯ ಕೂಡಿಸುವ, ಕೆಲಸಗಾರರ ಮೇಲೆ. ಇಲ್ಲಿ ಬೆಂಗಳೂರಿಗೂ ನೇರ ನಂಟಿದೆ. ವಿಎಫ್ಎಕ್ಸ್ ಸಂಸ್ಥೆಗಳು ಸಾಮಾನ್ಯವಾಗಿ ಇಷ್ಟು ಶಾಟ್‌ಗೆ ಇಷ್ಟು ಎಂಬ ನಿಗದಿತ ಮೊತ್ತಕ್ಕೆ ಕೆಲಸ ಹಿಡಿಯುತ್ತವೆ. ದೃಶ್ಯದ ಬೆಳಕನ್ನೋ ಹಿನ್ನೆಲೆಯನ್ನೋ ಸ್ಟುಡಿಯೋ ಕೊನೆಯ ತಿಂಗಳು ಬದಲಿಸಿದರೆ ಹೆಚ್ಚುವರಿ ಹಣ ಕೇಳಿ ಪಡೆಯುವುದು ಕಷ್ಟ. ಕೇಳಿದರೆ ಮುಂದಿನ ಚಿತ್ರ ಬೇರೆಯವರಿಗೆ ಹೋಗುವ ಭಯ. ರಿದಮ್ ಆ್ಯಂಡ್ ಹ್ಯೂಸ್ ಸಂಸ್ಥೆ 2013ರ ಫೆಬ್ರುವರಿಯಲ್ಲಿ ದಿವಾಳಿ ಅರ್ಜಿ ಹಾಕಿತು. ಕೆಲವೇ ದಿನಗಳಲ್ಲಿ ಅದರ ಕೆಲಸಕ್ಕೆ ಆಸ್ಕರ್ ಬಂತು. 2025ರ ಫೆಬ್ರುವರಿಯಲ್ಲಿ ಟೆಕ್ನಿಕಲರ್ ಸಮೂಹ ಕುಸಿದಾಗ ಬೆಂಗಳೂರು ಮತ್ತು ಮುಂಬೈ ಕಚೇರಿಗಳ ಸುಮಾರು 3,000 ಜನರ ಕೆಲಸಕ್ಕೆ ಕುತ್ತು ಬಂತು. ಅದರ ಹಿಂದೆ ಸಾಲದ ಹೊರೆ, ಕೋವಿಡ್, 2023ರ ಮುಷ್ಕರದಿಂದ ಕೆಲಸ ನಿಂತದ್ದು ಹೀಗೆ ಹಲವು ಕಾರಣಗಳಿದ್ದವು. ಆದರೆ ಲಾಭ ಇಷ್ಟು ತೆಳುವಾಗಿರುವ ಕಸುಬು ಒಂದು ವರ್ಷದ ಪೆಟ್ಟನ್ನೂ ತಡೆಯುವುದಿಲ್ಲ.

ಇನ್ನು ಸರಣಿಗಳ ಪ್ರಶ್ನೆ. ಎಂಟು ಸಂಚಿಕೆ ಏಕೆಂದು ತಿಳಿಯಲು ಮೊದಲು ನೂರು ಸಂಚಿಕೆ ಏಕಿತ್ತೆಂದು ತಿಳಿಯಬೇಕು. ಅಮೆರಿಕದ ಹಳೆಯ ಟಿ.ವಿ. ಪದ್ಧತಿಯಲ್ಲಿ ವಾಹಿನಿ ಸಂಚಿಕೆಯ ಪೂರ್ತಿ ಖರ್ಚು ಕೊಡುತ್ತಿರಲಿಲ್ಲ. ಪ್ರಸಾರ ಶುಲ್ಕ ಮಾತ್ರ ಕೊಡುತ್ತಿತ್ತು. ಉಳಿದದ್ದನ್ನು ಸ್ಟುಡಿಯೋ ತನ್ನ ಕೈಯಿಂದ ಹಾಕಿ ವರ್ಷಗಟ್ಟಲೆ ನಷ್ಟದಲ್ಲಿ ನಡೆಸುತ್ತಿತ್ತು, ಏಕೆಂದರೆ ಮಾಲೀಕತ್ವ ಅದರದ್ದು. ಸಂಚಿಕೆಗಳು ನೂರರ ಹತ್ತಿರ ಬಂದರೆ ಊರೂರಿನ ಸ್ಥಳೀಯ ವಾಹಿನಿಗಳಿಗೆ ಮರುಪ್ರಸಾರಕ್ಕೆ ಮಾರಬಹುದು. ವಾರಕ್ಕೆ ಐದು ದಿನದಂತೆ ಹಾಕಿದರೆ ನೂರು ಸಂಚಿಕೆ ಇಪ್ಪತ್ತು ವಾರ ಬರುತ್ತದೆ. ಅಷ್ಟಿದ್ದರೆ ಬೇಗ ಹಳಸುವುದಿಲ್ಲ. ಸೀಸನ್‌ಗೆ 22ರಂತೆ ಐದು ಸೀಸನ್. ಆ ಕಾಲದ ಕಥೆಗಳ ಮೈಕಟ್ಟನ್ನು ಈ ಗುರಿಯೇ ರೂಪಿಸಿತು: ಯಾವ ಸಂಚಿಕೆಯನ್ನು ಯಾವ ಕ್ರಮದಲ್ಲಿ ನೋಡಿದರೂ ಅರ್ಥವಾಗಬೇಕು, ಪಾತ್ರಗಳು ಕೊನೆಗೆ ಮೊದಲಿದ್ದಲ್ಲಿಗೇ ಮರಳಬೇಕು. ದಿನವೂ ಹೊಸ ಪ್ರಕರಣ ತಾನಾಗಿ ಬಂದು ಬೀಳುವ ಆಸ್ಪತ್ರೆ, ಪೊಲೀಸ್ ಠಾಣೆ, ವಕೀಲರ ಕಚೇರಿ ಇದಕ್ಕೆ ಹೇಳಿ ಮಾಡಿಸಿದ ಜಾಗ. ಒಂದು ಗಂಟೆಯ ಸ್ಲಾಟ್‌ನಲ್ಲಿ ಕಥೆಗೆ ಸಿಗುವುದು 42–44 ನಿಮಿಷ. ಅದನ್ನು ಜಾಹೀರಾತಿಗೆ ತಕ್ಕಂತೆ ನಾಲ್ಕೈದು ತುಂಡು ಮಾಡಿ, ಪ್ರತಿ ತುಂಡಿನ ಕೊನೆಗೆ ಕುತೂಹಲದ ಕೊಕ್ಕೆ ಹಾಕುತ್ತಿದ್ದರು.

ಮರುಪ್ರಸಾರದ ಬೆಲೆಯನ್ನು ಮೊದಲು ಗ್ರಹಿಸಿದವರಲ್ಲಿ ಲೂಸಿಲ್ ಬಾಲ್, ಡೆಸಿ ಅರ್ನಾಜ್ ದಂಪತಿ ಪ್ರಮುಖರು. 1951ರಲ್ಲಿ ಸಿಬಿಎಸ್‌ಗೆ ಹಾಸ್ಯ ಸರಣಿ ಮಾಡುವಾಗ ಅವರು ನ್ಯೂಯಾರ್ಕ್‌ಗೆ ಹೋಗಿ ನೇರಪ್ರಸಾರ ಮಾಡಲು ಒಪ್ಪದೆ, ಲಾಸ್ ಏಂಜಲೀಸ್‌ನಲ್ಲೇ ಪ್ರೇಕ್ಷಕರ ಎದುರು 35 ಎಂಎಂ ಫಿಲ್ಮ್‌ನಲ್ಲಿ ಮೂರು ಕ್ಯಾಮೆರಾ ಇಟ್ಟು ಚಿತ್ರೀಕರಿಸಿದರು. ಹೆಚ್ಚುವರಿ ಖರ್ಚಿಗೆ ಪ್ರತಿಯಾಗಿ ವಾರಕ್ಕೆ 1,000 ಡಾಲರ್ ಸಂಬಳ ಬಿಟ್ಟುಕೊಟ್ಟು ಮಾಲೀಕತ್ವ ಉಳಿಸಿಕೊಂಡರು. ಆ ಒಂದು ನಿರ್ಧಾರದ ಬಲದಿಂದ ಅವರ ಡೆಸಿಲು ಕಂಪನಿ ಕೆಲವೇ ವರ್ಷಗಳಲ್ಲಿ, ಒಂದು ಕಾಲದ ಐವರು ದೊಡ್ಡವರಲ್ಲಿ ಒಬ್ಬರಾದ ಆರ್‌ಕೆಒದ ಸ್ಟುಡಿಯೋ ಜಾಗವನ್ನೇ ಕೊಂಡಿತು. 1970ರಲ್ಲಿ ಸರ್ಕಾರದ ಸಂಪರ್ಕ ಆಯೋಗ ಇನ್ನೊಂದು ಬೇಲಿ ಹಾಕಿತು: ವಾಹಿನಿಗಳು ತಾವು ಪ್ರಸಾರ ಮಾಡುವ ಹೊರಗಿನವರ ಕಾರ್ಯಕ್ರಮಗಳ ಮರುಪ್ರಸಾರದ ಹಕ್ಕಿನಲ್ಲಿ ಪಾಲು ಹೊಂದುವಂತಿಲ್ಲ. ಸ್ವತಂತ್ರ ನಿರ್ಮಾಪಕರು ಬೆಳೆದದ್ದು ಆ ಬೇಲಿಯ ನೆರಳಲ್ಲಿ. 1993ರಲ್ಲಿ ಅದು ಸಡಿಲವಾಗಿ 1995ಕ್ಕೆ ಪೂರ್ತಿ ಹೋಯಿತು. ಅದೇ ವರ್ಷ ಡಿಸ್ನಿ 1,900 ಕೋಟಿ ಡಾಲರ್‌ಗೆ ಎಬಿಸಿ ವಾಹಿನಿಯ ಒಡೆಯ ಕಂಪನಿಯನ್ನು ಕೊಳ್ಳುವುದಾಗಿ ಪ್ರಕಟಿಸಿತು. ತೋರಿಸುವವರೂ ಮಾಡುವವರೂ ಮತ್ತೆ ಒಂದೇ ಮನೆಯವರಾದರು.

ಸ್ಟ್ರೀಮಿಂಗ್ ಈ ಲೆಕ್ಕವನ್ನೇ ತಿರುಗಿಸಿತು. ನೆಟ್‌ಫ್ಲಿಕ್ಸ್ ಮಾದರಿಯಲ್ಲಿ ಕಂಪನಿ ತಯಾರಿಕೆಯ ಪೂರ್ತಿ ಖರ್ಚು ಕೊಟ್ಟು, ಮೇಲೊಂದಿಷ್ಟು ಲಾಭವನ್ನೂ ಕೊಟ್ಟು, ಜಗತ್ತಿನ ಹಕ್ಕುಗಳನ್ನು ತಾನೇ ಇಟ್ಟುಕೊಳ್ಳುತ್ತದೆ. ಮರುಪ್ರಸಾರಕ್ಕೆ ಮಾರುವ ಮಾತೇ ಇಲ್ಲ, ಹಾಗಾಗಿ ನೂರು ಸಂಚಿಕೆಯ ಆಸೆಯೂ ಇಲ್ಲ. ಬೇಕಾದದ್ದು ಹೊಸ ಚಂದಾದಾರರು, ಇದ್ದವರು ಬಿಟ್ಟುಹೋಗದಿರುವುದು. ಆ ಕೆಲಸಕ್ಕೆ ಎಂಟು ಸಂಚಿಕೆ ಸಾಕು. ಸೀಸನ್ ಏರಿದಂತೆ ಒಪ್ಪಂದದಂತೆ ನಟರ, ಬರಹಗಾರರ ಸಂಬಳ ಏರುತ್ತದೆ. ಹೊಸ ಚಂದಾದಾರರನ್ನು ತರುವ ಶಕ್ತಿ ಮಾತ್ರ ಕುಗ್ಗುತ್ತದೆ. ಎರಡು–ಮೂರು ಸೀಸನ್‌ಗೆ ಕಥೆ ಅರ್ಧದಲ್ಲೇ ನಿಲ್ಲುವುದಕ್ಕೆ ಮುಖ್ಯ ಕಾರಣ ಇದು. ಎರಡು ವರ್ಷದ ಅಂತರಕ್ಕೆ ಕಾರಣ ಬೇರೆ: ಹಳೆಯ ಪದ್ಧತಿಯಲ್ಲಿ ಬರವಣಿಗೆ, ಚಿತ್ರೀಕರಣ, ಪ್ರಸಾರ ಮೂರೂ ಒಟ್ಟಿಗೆ ಓಡುತ್ತಿದ್ದವು. ಈಗ ಎಲ್ಲ ಸಂಚಿಕೆ ಬರೆದು, ಆಮೇಲೆ ಎಲ್ಲ ಚಿತ್ರೀಕರಿಸಿ, ಸಿನಿಮಾ ಮಟ್ಟದ ವಿಎಫ್ಎಕ್ಸ್ ಮುಗಿಸಿ, ಹತ್ತಾರು ಭಾಷೆಗೆ ಡಬ್ ಮಾಡಿದ ಮೇಲೆಯೇ ಮೊದಲ ಸಂಚಿಕೆ ಹೊರಬರುತ್ತದೆ.

ಬರಹಗಾರರಿಗೆ ಇದರಿಂದ ಬಿದ್ದ ಪೆಟ್ಟು ದೊಡ್ಡದು. ವರ್ಷದ ಬಹುಪಾಲು ನಡೆಯುತ್ತಿದ್ದ ಕೆಲಸ ಕೆಲವು ವಾರಗಳಿಗೆ ಇಳಿಯಿತು; ಮರುಪ್ರಸಾರವಾದಾಗಲೆಲ್ಲ ಬರುತ್ತಿದ್ದ ಗೌರವಧನದ ಜಾಗದಲ್ಲಿ, ಎಷ್ಟು ಜನ ನೋಡಿದರೂ ಬದಲಾಗದ ಮೊತ್ತ ಬಂತು. 2023ರ ಮೇ 2ರಿಂದ 148 ದಿನ ನಡೆದ ಬರಹಗಾರರ ಮುಷ್ಕರದ ಮುಖ್ಯ ಕಾರಣಗಳಲ್ಲಿ ಇವೂ ಸೇರಿದ್ದವು. ಕೊನೆಗೆ ಸಿಕ್ಕಿದ್ದು: ಹಸಿರು ನಿಶಾನೆ ಸಿಕ್ಕ ಸರಣಿಯಲ್ಲಿ ಆರು ಸಂಚಿಕೆಯವರೆಗೆ ಕನಿಷ್ಠ ಮೂವರು ಬರಹಗಾರರು, ಏಳರಿಂದ ಹನ್ನೆರಡಕ್ಕೆ ಐವರು, ಅದರ ಮೇಲಕ್ಕೆ ಆರು ಮಂದಿ, ಮೊದಲ 90 ದಿನದಲ್ಲಿ ದೇಶದ ಚಂದಾದಾರರ ಶೇ 20ರಷ್ಟು ವೀಕ್ಷಣೆ ಬಂದರೆ ಗೌರವಧನದ ಅರ್ಧದಷ್ಟು ಬೋನಸ್. ಹಳೆಯ ದಾಸ್ತಾನಿನ ಬೆಲೆ ಎಷ್ಟೆಂದು ತಿಳಿಯಲು ಅದೇ ವರ್ಷದ ಇನ್ನೊಂದು ಅಂಕಿ ಸಾಕು. 2019ಕ್ಕೇ ಮುಗಿದಿದ್ದ ‘ಸೂಟ್ಸ್’ ಎಂಬ ವಕೀಲರ ಸರಣಿ ನೆಟ್‌ಫ್ಲಿಕ್ಸ್‌ಗೆ ಬಂದ ಮೇಲೆ, ಅಮೆರಿಕದಲ್ಲಿ ಆ ವರ್ಷ 5,770 ಕೋಟಿ ನಿಮಿಷ ನೋಡಿಸಿಕೊಂಡು ದಾಖಲೆ ಮಾಡಿತು.

ಸಿನಿಮಾದ ಮಧ್ಯಮ ಗಾತ್ರದ ಚಿತ್ರಗಳು ಎಲ್ಲಿ ಹೋದವು ಎಂಬುದಕ್ಕೂ ಇಲ್ಲೇ ಉತ್ತರವಿದೆ. ವಿಡಿಯೊ ರೆಕಾರ್ಡರ್ ಬಂದಾಗ ಯೂನಿವರ್ಸಲ್ ಮತ್ತು ಡಿಸ್ನಿ ಅದನ್ನು ನಿಲ್ಲಿಸಲು ಕೋರ್ಟಿಗೆ ಹೋಗಿ 1984ರಲ್ಲಿ ಐದಕ್ಕೆ ನಾಲ್ಕು ಮತಗಳಿಂದ ಸೋತವು. ಆ ಸೋಲೇ ಅವಕ್ಕೆ ವರವಾಯಿತು. ಮೊದಲು ಕ್ಯಾಸೆಟ್, 1997ರಿಂದ ಡಿವಿಡಿ. ಥಿಯೇಟರ್‌ನಲ್ಲಿ ಸುಮಾರಾಗಿ ಓಡಿದ ಪ್ರಣಯ ಹಾಸ್ಯ, ನ್ಯಾಯಾಲಯದ ಕಥೆಗಳು ಅಂಗಡಿಯ ಕಪಾಟಿನಲ್ಲಿ ನಷ್ಟ ತುಂಬಿಕೊಳ್ಳುತ್ತಿದ್ದವು. ಡಿವಿಡಿ ಕುಸಿದಾಗ ಆ ಎರಡನೇ ಅವಕಾಶ ಹೋಯಿತು. ಥಿಯೇಟರ್‌ಗೂ ಮನೆಗೂ ನಡುವೆ ಇದ್ದ ಸುಮಾರು 90 ದಿನದ ಅಂತರವೂ ಕರಗಿತು. 2020ರ ಜುಲೈನಲ್ಲಿ ಎಎಂಸಿ ಥಿಯೇಟರ್ ಸರಪಳಿಯೊಂದಿಗೆ ಯೂನಿವರ್ಸಲ್ ಅದನ್ನು 17 ದಿನಕ್ಕೆ ಇಳಿಸಿಕೊಂಡಿತು. 2021ರಲ್ಲಿ ವಾರ್ನರ್ ಅಮೆರಿಕದಲ್ಲಿ ಚಿತ್ರಗಳನ್ನು ಥಿಯೇಟರ್ ಮತ್ತು ಸ್ಟ್ರೀಮಿಂಗ್‌ಗೆ ಒಂದೇ ದಿನ ಬಿಟ್ಟಿತು. ತಿಂಗಳೊಪ್ಪತ್ತಿನಲ್ಲಿ ಮನೆಗೇ ಬರುತ್ತದೆಂದು ಗೊತ್ತಿದ್ದರೆ ಜನ ಥಿಯೇಟರ್‌ಗೆ ಹೋಗುವುದು ದೊಡ್ಡ ಪರದೆಯಲ್ಲೇ ನೋಡಬೇಕಾದದ್ದಕ್ಕೆ ಮಾತ್ರ. ಹಕ್ಕು ಕೈಯಲ್ಲಿದ್ದವರು ಚಿತ್ರವನ್ನು ತೋರಿಸದೆಯೂ ಇರಬಹುದು: ಸುಮಾರು 9 ಕೋಟಿ ಡಾಲರ್ ಖರ್ಚಾಗಿತ್ತೆಂದು ವರದಿಯಾದ ‘ಬ್ಯಾಟ್‌ಗರ್ಲ್’ ಚಿತ್ರವನ್ನು ವಾರ್ನರ್ ಬ್ರದರ್ಸ್ ಡಿಸ್ಕವರಿ 2022ರ ಆಗಸ್ಟ್‌ನಲ್ಲಿ ಬಿಡುಗಡೆಯೇ ಇಲ್ಲದೆ ಪಕ್ಕಕ್ಕಿಟ್ಟಿತು.

ನಮ್ಮ ಮನೆಯ ಟಿ.ವಿ.ಗೂ ಇದು ದೂರದ ಸಂಗತಿಯಲ್ಲ. ಡಿಸ್ನಿಯ ಸ್ಟಾರ್ ಇಂಡಿಯಾ ಮತ್ತು ರಿಲಯನ್ಸ್‌ನ ವಯಾಕಾಮ್18 ವಿಲೀನವಾಗಿ 2024ರ ನವೆಂಬರ್‌ನಲ್ಲಿ ಜಿಯೋಸ್ಟಾರ್ ಆದಾಗ, ಅಲ್ಲಿಯವರೆಗೆ ಎದುರಾಳಿಗಳಾಗಿದ್ದ ಕಲರ್ಸ್ ಕನ್ನಡ, ಸ್ಟಾರ್ ಸುವರ್ಣ ಒಂದೇ ಸೂರಿನಡಿ ಬಂದವು. ನಮ್ಮಲ್ಲಿ ಸಾಮಾನ್ಯವಾಗಿ ವಾಹಿನಿ ನಿರ್ಮಾಣ ಸಂಸ್ಥೆಗೆ ಸಂಚಿಕೆಗೆ ಇಷ್ಟೆಂದು ಕೊಟ್ಟು ಹಕ್ಕನ್ನು ತಾನೇ ಇಟ್ಟುಕೊಳ್ಳುತ್ತದೆ. ಒಂದು ಭಾಷೆಯಲ್ಲಿ ಗೆದ್ದ ಧಾರಾವಾಹಿ ಅದೇ ಸಮೂಹದ ಇನ್ನೊಂದು ಭಾಷೆಯ ವಾಹಿನಿಯಲ್ಲಿ ಹೊಸ ಹೆಸರಿನಿಂದ ಬರುವುದು ಇದರಿಂದಲೇ. ವಾರವಾರದ ಟಿ.ಆರ್.ಪಿ. ನೋಡಿ ಕಥೆ ತಿರುಗಿಸುವ ಚುರುಕು ಮಾತ್ರ ಹಾಲಿವುಡ್‌ಗೆ ಇಲ್ಲ. ಅಲ್ಲಿ ಚಿತ್ರ ಬಿಟ್ಟ ಮೇಲೆ ತಿದ್ದುವ ಅವಕಾಶವೇ ಇರುವುದಿಲ್ಲ.

ಜನ ಕೇಳಿದ್ದೋ, ಸ್ಟುಡಿಯೋ ಕೊಟ್ಟಿದ್ದೋ ಎಂಬುದನ್ನು ನೀವೇ ಅಳೆಯಬೇಕೆಂದರೆ ಮೊದಲ ವಾರಾಂತ್ಯದ ಕಲೆಕ್ಷನ್ ನೋಡಬೇಡಿ. ಅದು ಪಬ್ಲಿಸಿಟಿಯ, ಪರದೆಗಳ ಸಂಖ್ಯೆಯ ಅಳತೆ. ಎರಡನೇ ವಾರಾಂತ್ಯ ನೋಡಿ. ದೊಡ್ಡ ಮಾಲಿಕೆಯ ಚಿತ್ರಗಳು ಅಲ್ಲಿ ಅರ್ಧಕ್ಕಿಂತ ಹೆಚ್ಚು ಕುಸಿಯುವುದು ಸಾಮಾನ್ಯ. ಶೇ 60 ದಾಟಿದರೆ ಜನ ಒಪ್ಪಲಿಲ್ಲವೆಂದೇ ಲೆಕ್ಕ. ಕುಸಿತ ಶೇ 40ರ ಒಳಗಿದ್ದರೆ ನೋಡಿದವರು ಪಕ್ಕದ ಮನೆಯವರಿಗೆ ಹೇಳಿದ್ದಾರೆ. ಮೂರನೇ ವಾರ ಪರದೆಗಳ ಸಂಖ್ಯೆ ಇಳಿಯುವ ಬದಲು ಏರಿದ್ದರೆ, ಆ ಚಿತ್ರಮಂದಿರಗಳ ಮಾಲೀಕರು ಯಾವ ಷರತ್ತಿಗೂ ಕಟ್ಟುಬೀಳದೆ ತಾವಾಗಿಯೇ ಅದನ್ನು ಹಾಕಿಕೊಂಡಿದ್ದಾರೆ ಎಂದರ್ಥ.